ಒವನ್ ಇಲ್ಲದ ಮನೆಯ ಕ್ರಿಸ್‌ಮಸ್ ಕೇಕ್: ಮರಳು, ಗೆರಟೆ ಕೆಂಡ, ಬೇಕರಿಯ ಟ್ರೇ. ನಿಮ್ಮಲ್ಲಿ ಹೇಗಿತ್ತು?

ಬೆಂದೂರ್‌ಮನೆ

ಈ ಸಲ ಡಿಸೆಂಬರ್‌ಗೆ ಅಕ್ಕ, ತಮ್ಮಂದಿರು, ಮಕ್ಕಳು ಎಲ್ಲ ಮಂಗಳೂರಿನ ಹಳೆ ಮನೆಯಲ್ಲೇ ಸೇರುವುದು ಅಂತ ತೀರ್ಮಾನವಾಗಿದೆ. ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು, ಅಕ್ಕನ ಪಾಲು. ಕಿಡಿಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ, ತುಕ್ಕುಡಿ, ಚಕ್ಕುಲಿ ಎಲ್ಲ ಎಣ್ಣೆಗೆ ಬಿಡುವಂಥವು. ದೊಡ್ಡ ಬಾಣಲೆ, ಹರಟೆ ಹೊಡೆಯಲು ಜನ ಇದ್ದರೆ ಆಯಿತು.

ಕೇಕ್ ನನ್ನ ತಲೆಗೆ ಬಂದಿದೆ. ಒಟಿಜಿಯಲ್ಲಿ (ಈಗಿನ ಪುಟ್ಟ ಕರೆಂಟ್ ಒವನ್) ಮಾಡುವುದು ಗೊತ್ತು. ಆದರೆ ಈ ಸಲ ಅಮ್ಮ ಮಾಡುತ್ತಿದ್ದ ಹಾಗೇ ಮಾಡಬೇಕು ಅಂತ ಆಸೆ. ದೊಡ್ಡ ಪಾತ್ರೆಯ ತಳಕ್ಕೆ ಮರಳು, ಅದರ ಮೇಲೆ ಕೇಕಿನ ಟಿನ್, ಮೇಲೊಂದು ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಆಮೇಲೆ ಎಂಬತ್ತರ ದಶಕದಲ್ಲಿ ನಮ್ಮಲ್ಲೂ ದುಂಡನೆಯ ಅಲ್ಯೂಮಿನಿಯಂ ಕರೆಂಟ್ ಒವನ್ ಬಂತು. ಮುಚ್ಚಳದಲ್ಲಿ ಪುಟ್ಟ ಗಾಜಿನ ಕಿಟಕಿ ಇತ್ತಲ್ಲ, ಅದು. ಅಲ್ಲಿಂದ ಮರಳಿನ ಪಾತ್ರೆ ಅಟ್ಟ ಸೇರಿತು.

ಅಮ್ಮ ಈಗಿಲ್ಲ. ಅವರ ನೋಟ್ ಪುಸ್ತಕ ಇದೆ. ಸಾಮಾನಿನ ಲೆಕ್ಕವೆಲ್ಲ ಸರಿಯಾಗಿದೆ: ಮೈದಾ, ಸಕ್ಕರೆ, ಬೆಣ್ಣೆ ತಲಾ 1 ಪೌಂಡ್, ಮೊಟ್ಟೆ 10. ಒಣದ್ರಾಕ್ಷಿ, ಗೇರುಬೀಜ, ಕಿತ್ತಳೆ ಸಿಪ್ಪೆ ಎಲ್ಲದರ ತೂಕ ಇದೆ. ಬೆಂಕಿಯ ಬಗ್ಗೆ ಮಾತ್ರ ಎರಡೇ ಪದ. "ಹದ ಕೆಂಡ." ಆ ಹದ ಯಾವುದು ಅಂತ ಬಲ್ಲವರು ಯಾರಾದರೂ ಇದ್ದೀರಾ? ಮರಳು ಎಷ್ಟು ದಪ್ಪ ಇರಬೇಕು? ಕೆಂಡ ಮೇಲೆಷ್ಟು, ಕೆಳಗೆಷ್ಟು? ಜೊತೆಗೆ ನಿಮ್ಮ ಮನೆಗಳ ಕಥೆಯೂ ಇರಲಿ. ಕ್ರಿಸ್‌ಮಸ್‌ದೇ ಆಗಬೇಕು ಅಂತಿಲ್ಲ.

ಸುಮ್ನೆ ಓದುವವ

ಒಟಿಜಿ ಇಟ್ಟುಕೊಂಡು ಕೆಂಡ ಊದುವುದೇಕೆ ಮಾರಾಯ್ರೆ? 160 ಡಿಗ್ರಿಗೆ ಗುಂಡಿ ತಿರುಗಿಸಿ, ಕಾಫಿ ಕುಡಿಯಿರಿ.

ಹಿಟ್ಟಿನ ಡಬ್ಬಿ

ಮೈಸೂರಿನಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡುತ್ತೇನೆ. ಕೆಂಡದ ಕೇಕೂ ಮಾಡಿ ನೋಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮರಳಿನ ಕೆಲಸ ಬೆಂಕಿಯ ಏರಿಳಿತವನ್ನು ನುಂಗುವುದು. ಅದು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಒಲೆ ಒಮ್ಮೆ ಭುಗ್ ಅಂದರೂ ಟಿನ್ನಿನ ತಳಕ್ಕೆ ಆ ಏಟು ತಾಗುವುದಿಲ್ಲ. ಎರಡು ಬೆರಳು ದಪ್ಪ ಸಾಕು. ಜಾಸ್ತಿ ಹಾಕಿದರೆ ಕಾಯುವುದಕ್ಕೇ ಅರ್ಧ ದಿನ ಬೇಕು. ಟಿನ್ ಇಡುವ ಮೊದಲು ಮುಚ್ಚಳ ಮುಚ್ಚಿ ಮರಳನ್ನು ಚೆನ್ನಾಗಿ ಕಾಯಿಸಿಕೊಳ್ಳಬೇಕು.

ಆದರೆ ಅಸಲಿ ಗುಟ್ಟು ಇರುವುದು ಮುಚ್ಚಳದಲ್ಲಿ. ಕೆಳಗಿನಿಂದ ಮಾತ್ರ ಶಾಖ ಕೊಟ್ಟರೆ ಹಿಟ್ಟಿನಲ್ಲಿರುವ ನೀರು ಆವಿಯಾಗಿ ಮೇಲೆ ಹೋಗುತ್ತದೆ. ಮುಚ್ಚಳ ತಣ್ಣಗಿದ್ದರೆ ಅಲ್ಲೇ ಹನಿಗಟ್ಟಿ ಮತ್ತೆ ಕೇಕಿನ ತಲೆ ಮೇಲೆ ಬೀಳುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಗ್ಯಾಸ್ಕೆಟ್, ಸೀಟಿ ತೆಗೆದ ಕುಕ್ಕರ್‌ಗೆ ಉಪ್ಪು ಹಾಕಿ ಕೇಕ್ ಮಾಡಿದರಲ್ಲ, ಅವೆಲ್ಲ ಮೇಲ್ಗಡೆ ಬಿಳಿಚಿಕೊಂಡು ಅಂಟಂಟಾಗಿ ಇರುತ್ತಿದ್ದದ್ದು ಇದಕ್ಕೇ. ಮುಚ್ಚಳದ ಮೇಲೆ ಕೆಂಡ ಇದ್ದರೆ ಹನಿ ಕಟ್ಟುವುದೇ ಇಲ್ಲ. ಬಿಸಿ ತಗಡು ಮೇಲಿನಿಂದ ಶಾಖ ಕೊಡುತ್ತದೆ, ಮೇಲ್ಮೈ ಒಣಗಿ ಕೆಂಪಾಗುತ್ತದೆ. ಅದಕ್ಕೇ ಮೇಲೆ ಎರಡು ಪಾಲು ಕೆಂಡ, ಕೆಳಗೆ ಒಂದು ಪಾಲು. ಹಿಂದಿನವರು ಈ ಲೆಕ್ಕವನ್ನು ಯಾವ ಪುಸ್ತಕ ನೋಡಿ ಕಲಿತದ್ದೂ ಅಲ್ಲ.

ಹದಕ್ಕೆ ಒಂದು ಪರೀಕ್ಷೆ ಇದೆ. ಪುಟ್ಟ ತಟ್ಟೆಯಲ್ಲಿ ಚಿಟಿಕೆ ಮೈದಾ ಉದುರಿಸಿ ಪಾತ್ರೆಯೊಳಗೆ ಇಡಿ. ಐದು ನಿಮಿಷಕ್ಕೆ ತಿಳಿ ಕಂದು ಬಣ್ಣ ಬಂದರೆ ಹದ. ಬಿಳಿಯಾಗೇ ಇದ್ದರೆ ಕೆಂಡ ಸಾಲದು. ಕರಿ ಕಂದಾದರೆ ಮೇಲಿನ ಕೆಂಡದ ಮೇಲೆ ಬೂದಿ ಹಾಕಿ ತಣಿಸಿ. ಹಣ್ಣು ತುಂಬಿದ ಭಾರದ ಕೇಕಿಗೆ ಇನ್ನೂ ಕಡಿಮೆ ಶಾಖ ಇರಲಿ, ಸಮಯ ಜಾಸ್ತಿ ಇರಲಿ. ಒವನ್ ಆದರೆ ನಾನು 150 ಡಿಗ್ರಿ ಇಡುತ್ತೇನೆ.

ಬೆಂದೂರ್‌ಮನೆ

ಬೂದಿ! ಅಮ್ಮ ಪಕ್ಕದಲ್ಲಿ ಒಂದು ಹಳೆ ಡಬ್ಬಿಯ ತುಂಬ ಬೂದಿ ಇಟ್ಟುಕೊಳ್ಳುತ್ತಿದ್ದರು. ಪಾತ್ರೆ ತಿಕ್ಕಲು ಅಂತಲೇ ನಾವು ಅಂದುಕೊಂಡಿದ್ದೆವು.

ಶಿರಸಿ ಕಡೆಯವಳು

ನೀವು ಕೇಕ್ ಅಂತೀರಿ, ನಮ್ಮ ಕಡೆ ಇದೇ ಕೆಲಸ ತವಸಳಿಗೆ ಆಗುತ್ತಿತ್ತು. ಮೊಟ್ಟೆ ಇಲ್ಲ, ಬೆಣ್ಣೆ ಇಲ್ಲ, ಮೈದಾ ಇಲ್ಲ. ದೊಡ್ಡ ಬಲಿತ ಸೌತೆಕಾಯಿ ತುರಿದು, ಅದರ ನೀರಿಗೇ ಹುರಿದ ಅಕ್ಕಿ ರವೆ, ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ಕಲಸುವುದು. ಬೇರೆ ನೀರು ಒಂದು ಹನಿಯೂ ಬೇಡ. ರವೆ ನೀರು ಕುಡಿದು ಉಬ್ಬುವ ತನಕ ಬಿಡಬೇಕು. ಆಮೇಲೆ ಬಾಳೆ ಎಲೆ ಹಾಸಿದ ಪಾತ್ರೆಗೆ ಸುರಿದು, ಮೇಲೂ ಎಲೆ ಮುಚ್ಚಿ, ತಟ್ಟೆ ಮುಚ್ಚಿ, ಕೆಂಡ.

ಸೌತೆಕಾಯಿಯ ಕಥೆ ಹೇಳದಿದ್ದರೆ ಈ ತಿಂಡಿಯ ಕಥೆ ಪೂರ್ತಿಯಾಗುವುದಿಲ್ಲ. ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದ ಕಾಯಿಗಳನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಜಂತಿಗೆ ಸಾಲಾಗಿ ತೂಗು ಹಾಕುತ್ತಿದ್ದರು. ಒಂದಕ್ಕೊಂದು ತಾಗಬಾರದು, ತಾಗಿದ ಕಡೆ ಕೊಳೆಯುತ್ತದೆ. ಹೊರಗೆ ಜಡಿಮಳೆ, ತರಕಾರಿಗೆ ಎಲ್ಲೂ ಹೋಗುವ ಹಾಗಿಲ್ಲ. ಆಗ ತಲೆ ಎತ್ತಿ ನೋಡಿ ಯಾವುದನ್ನು ಇಳಿಸಬೇಕು ಅಂತ ಅಜ್ಜಿ ಗುರುತು ಮಾಡುತ್ತಿದ್ದರು. ಚುಕ್ಕೆ ಬೀಳಲು ಶುರುವಾದ ಕಾಯಿಯ ಸರದಿ ಮೊದಲು. ಹುಳಿಗೆ ಅರ್ಧ, ತವಸಳಿಗೆ ಅರ್ಧ.

ಒಲೆ ಪಕ್ಕ ಕೂತು ಕಾಯುವುದು ನಮ್ಮ ಕೆಲಸ. ಅಂಚಿನ ಬಾಳೆ ಎಲೆ ಕರಟಿದ ವಾಸನೆ ಬಂತು ಅಂದರೆ ಆಯಿತು ಅಂತ ಅರ್ಥ. ತಳದ ಗಟ್ಟಿ ಭಾಗಕ್ಕೆ ಜಗಳ ಗ್ಯಾರಂಟಿ.

ಪುತ್ತೂರು ಪಡಸಾಲೆ

ನಮ್ಮಲ್ಲಿ ಇದು ಕೆಂಡದಡ್ಯೆ. ತುಳುವಿನವರು ಗೆಂಡದಡ್ಯೆ ಅನ್ನುತ್ತಾರೆ. ಸೌತೆಕಾಯಿಯದೂ ಮಾಡುತ್ತಾರೆ, ಆದರೆ ನನ್ನ ಓಟು ಹಲಸಿನ ಹಣ್ಣಿಗೆ. ಅಕ್ಕಿ ತರಿತರಿಯಾಗಿ ಬೀಸಿ, ತುಳುವೆ (ಮೆತ್ತನೆ ತೊಳೆಯ ಹಲಸು) ಹಣ್ಣಿನ ರಸ, ಬೆಲ್ಲ, ಕಾಯಿ. ಗಟ್ಟಿ ತೊಳೆಯ ಬಕ್ಕೆ ಆದರೆ ಕೊಚ್ಚಿ ರುಬ್ಬಬೇಕು, ತುಳುವೆ ಆದರೆ ಕೈಯಲ್ಲಿ ಹಿಸುಕಿದರೆ ಸಾಕು. ಮಳೆ ಹಿಡಿದ ಮೇಲೆ ಬಿದ್ದ ಹಣ್ಣು ನೀರು ನೀರಾಗಿ ರುಚಿ ಕಳೆದುಕೊಳ್ಳುತ್ತದೆ ನೋಡಿ, ಅಂಥವಕ್ಕೆ ಇದಕ್ಕಿಂತ ಒಳ್ಳೆ ಗತಿ ಇಲ್ಲ.

ಕೆಂಡಕ್ಕೆ ಗೆರಟೆಯೇ ಆಗಬೇಕು. ಕಟ್ಟಿಗೆ ಕೆಂಡ ಬೇಗ ಬೂದಿಯಾಗುತ್ತದೆ. ತೆಂಗಿನ ಗೆರಟೆ ಮೊದಲು ಜೋರಾಗಿ ಉರಿದು ಹೊಗೆ ಬಿಡುತ್ತದೆ. ಉರಿ ಇಳಿಯುವ ತನಕ ಹೊರಗೇ ಇಟ್ಟು, ಕೆಂಪು ಕೆಂಡ ಆದ ಮೇಲೆ ಮುಚ್ಚಳಕ್ಕೆ ಹಾಕಬೇಕು. ಒಮ್ಮೆ ಹಾಕಿದರೆ ತುಂಬ ಹೊತ್ತು ನಿಲ್ಲುತ್ತದೆ. ಬೆಂದೂರ್‌ಮನೆ ಅವರೇ, ನೀವೂ ಅದನ್ನೇ ಮಾಡಿ.

ಸುಮ್ನೆ ಓದುವವ

ಅಡ್ಯೆ, ತವಸಳಿ ಎಲ್ಲ ಬೇಕಿಂಗ್ ಹೇಗೆ ಆಗುತ್ತೆ? ಅದು ಕಡುಬಿನ ಜಾತಿ.

ಹಿಟ್ಟಿನ ಡಬ್ಬಿ

ಕಡುಬು ಹಬೆಯಲ್ಲಿ ಬೇಯುತ್ತದೆ, ಅಲ್ಲಿ ಶಾಖ 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಕೆಂಪಾಗುವುದೂ ಇಲ್ಲ. ಇಲ್ಲಿ ಒಣ ಶಾಖ ನಾಲ್ಕೂ ಕಡೆಯಿಂದ ಬರುತ್ತದೆ, ಬೆಲ್ಲ ಕಂದುತ್ತದೆ, ಹೊರಗೆ ಗಟ್ಟಿ ಪದರ ಕಟ್ಟುತ್ತದೆ. ಬ್ರೆಡ್ಡಿನ ಅಂಚಿಗೆ ಆಗುವುದೂ ಇದೇ. ಬೇಕಿಂಗ್ ಅಲ್ಲ ಅಂದರೆ ಮತ್ತೇನು?

ಗೋವಾದ ಬಿಬಿಂಕ್ ನೋಡಿ. ಮೊಟ್ಟೆಯ ಹಳದಿ, ತೆಂಗಿನ ಹಾಲು, ಸಕ್ಕರೆ, ತುಪ್ಪ, ಸ್ವಲ್ಪ ಮೈದಾ. ಒಂದು ಪದರ ಹೊಯ್ದು, ಮೇಲಿನ ಕೆಂಡದಲ್ಲಿ ಅದು ಕೆಂಪಾದ ಮೇಲೆ ತುಪ್ಪ ಸವರಿ ಇನ್ನೊಂದು ಪದರ. ಹೀಗೆ ಏಳು ಪದರ, ಕೆಲವರು ಹದಿನಾರೂ ಮಾಡುತ್ತಾರೆ. ಪೂರ್ತಿ ಮೇಲ್ಶಾಖದ ಆಟ. 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಗುರುತೂ ಸಿಕ್ಕಿತು. ಮಂಗಳೂರಿನ ಕ್ಯಾಥೊಲಿಕರ ಹಿರಿಯರು ಗೋವಾದಿಂದ ಇಳಿದು ಬಂದವರು. ಅವರು ಬಂದು ನೆಲೆಸಿದ ಊರಲ್ಲೂ ಕೆಂಡದಡ್ಯೆ ಇತ್ತು. ಮೇಲೆ ಕೆಂಡ ಹಾಕುವುದನ್ನು ಇಲ್ಲಿ ಯಾರಿಗೂ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ ಅಂತ ನನ್ನ ಲೆಕ್ಕ.

ಬೆಳಗಾವಿ ಬಿಸ್ಕೀಟು

ನಮ್ಮ ಮನೆಯಲ್ಲಿ ಕೆಂಡವೂ ಇಲ್ಲ, ಒವನ್ನೂ ಇಲ್ಲ. ಬೇಕರಿ ಇತ್ತು. ದೀಪಾವಳಿ ಹತ್ತಿರ ಬಂತೆಂದರೆ ಮೈದಾ, ರವೆ, ಸಕ್ಕರೆ, ಡಾಲ್ಡಾ ತೂಕ ಮಾಡಿ ಚೀಲಕ್ಕೆ ಹಾಕಿ, ಖಾಲಿ ಎಣ್ಣೆ ಡಬ್ಬಿಯೊಂದನ್ನು ತೊಳೆದು ಸೈಕಲ್ಲಿಗೆ ಕಟ್ಟಿ ಬೇಕರಿಗೆ ಹೊರಡುವುದು. ನಾನಕಟಾಯಿ ಮಾಡಿಸಲು. ಬೇಕರಿಯವನಿಗೆ ಮಾಡುವ ಕೂಲಿ ಅಷ್ಟೇ.

ಸರದಿ ಸಿಗುವುದೇ ದೊಡ್ಡ ಕೆಲಸ. ಬೇಕರಿ ಹಿಂದಿನ ಅಂಗಳದಲ್ಲಿ ಹತ್ತಾರು ಮನೆಯವರು ತಂತಮ್ಮ ಡಬ್ಬಿ ಕಾಯುತ್ತ ಕೂತಿರುತ್ತಿದ್ದರು. ಅಮ್ಮ ನನ್ನನ್ನು ಕಳಿಸುತ್ತಿದ್ದದ್ದು ಕಾವಲಿಗೆ. ನಮ್ಮ ಡಾಲ್ಡಾ ನಮ್ಮ ಹಿಟ್ಟಿಗೇ ಬೀಳುತ್ತದೋ ಇಲ್ಲವೋ ಅಂತ ನೋಡಲು. ಒಂದು ವರ್ಷ ಮನೆಗೆ ಬಂದು ಡಬ್ಬಿ ತೂಗಿದಾಗ ತುಂಬ ಕಡಿಮೆ ಬಂತು, ಅಮ್ಮ ಆ ಬೇಕರಿಯನ್ನೇ ಬಿಟ್ಟರು.

ಭಟ್ಟಿಯಿಂದ ಟ್ರೇ ಹೊರಗೆ ಬರುವಾಗ ನಾನಕಟಾಯಿ ಇನ್ನೂ ಮೆತ್ತಗಿರುತ್ತದೆ. ಮುಟ್ಟಿದರೆ ಮುರಿಯುತ್ತದೆ. ಆರಿದ ಮೇಲೆ ಗರಿ. ಸೈಕಲ್ಲಿನಲ್ಲಿ ಬರುವಾಗ ಎಷ್ಟು ಮುರಿದವೋ ಅಷ್ಟೂ ನನ್ನದು ಅಂತ ಒಪ್ಪಂದ. ದಾರಿಯ ಹೊಂಡ ಯಾವುದನ್ನೂ ನಾನು ತಪ್ಪಿಸುತ್ತಿರಲಿಲ್ಲ.

ಬೆಂದೂರ್‌ಮನೆ

ಹ್ಹ ಹ್ಹ. ಮಂಗಳೂರಿನಲ್ಲೂ ಕೆಲವರು ಹೀಗೆ ಮಾಡುತ್ತಿದ್ದರು. ಕೇಕಿನ ಹಿಟ್ಟು ಮನೆಯಲ್ಲೇ ಕಲಸಿ, ಟಿನ್ನಿಗೆ ಹಾಕಿ, ಮೇಲೊಂದು ಕಾಗದ ಮುಚ್ಚಿ ಬೇಕರಿಗೆ ಒಯ್ಯುವುದು. ಗುರುತಿಗೆ ಚೀಟಿ. ಪಕ್ಕದ ಮನೆಯವರು ತರುತ್ತಿದ್ದ ಕೇಕು ನಮ್ಮದಕ್ಕಿಂತ ಎತ್ತರಕ್ಕೆ ಉಬ್ಬಿರುತ್ತಿತ್ತು. ಅಮ್ಮ ಅದನ್ನು ನೋಡಿ ಸುಮ್ಮನೆ "ಸೋಡಾ ಜಾಸ್ತಿ" ಅನ್ನುತ್ತಿದ್ದರು.

ಹಿಟ್ಟಿನ ಡಬ್ಬಿ

ಸೋಡಾ ಅಲ್ಲ, ಭಟ್ಟಿ! ಸೌದೆ ಭಟ್ಟಿಯ ಬೇಕರಿಯಲ್ಲಿ ಮೊದಲು ಜೋರು ಶಾಖಕ್ಕೆ ಬ್ರೆಡ್ಡು, ಬನ್ನು ಹೋಗುತ್ತವೆ. ಶಾಖ ಇಳಿಯುತ್ತ ಬಂದ ಹಾಗೆ ಬಿಸ್ಕತ್ತು, ಕೇಕು. ಇಟ್ಟಿಗೆ ಗೋಡೆಯೊಳಗೆ ಉಳಿದ ಶಾಖ ಒಂದೇ ಸಮ ನಿಧಾನಕ್ಕೆ ಇಳಿಯುತ್ತದೆ. ಕೇಕಿಗೆ ಅದು ಹೇಳಿ ಮಾಡಿಸಿದ್ದು. ಮನೆಯ ಒಲೆಯಲ್ಲಿ ಆ ಸಮ ಶಾಖ ತರುವುದಕ್ಕೇ ಮರಳು, ಬೂದಿ ಎಲ್ಲ.

ಹಳೆ ಲೆಕ್ಕದವ

ಕೇಕಿನ ಮಾತು ಬಂದಿದೆ ಅಂತ ಹೇಳುತ್ತೇನೆ. ಭಾರತದ ಮೊದಲ ಕ್ರಿಸ್‌ಮಸ್ ಕೇಕ್ 1883ರಲ್ಲಿ ತಲಶ್ಶೇರಿಯಲ್ಲಿ ತಯಾರಾಯಿತು ಅಂತ ಹೇಳುತ್ತಾರೆ. ಮಂಬಳ್ಳಿ ಬಾಪು ಅನ್ನುವವರ ಬಿಸ್ಕತ್ ಕಾರ್ಖಾನೆ. ದಾಲ್ಚಿನ್ನಿ ತೋಟದ ಮರ್ಡಕ್ ಬ್ರೌನ್ ಇಂಗ್ಲೆಂಡಿನ ಕೇಕೊಂದನ್ನು ಮಾದರಿಗೆ ಕೊಟ್ಟರಂತೆ. ತಲಶ್ಶೇರಿ, ಮಂಗಳೂರು ಎರಡೂ ಆಗ ಮದ್ರಾಸ್ ಪ್ರಾಂತ್ಯ. ಬೆಂಗಳೂರಿನ ಕಥೆ ಬೇರೆ. ಹಾಸನ ಕಡೆಯ ಅಯ್ಯಂಗಾರರು 1898ರಲ್ಲಿ ಚಿಕ್ಕಪೇಟೆ ಕಡೆ ಬೇಕರಿ ಇಟ್ಟರು. ಅಯ್ಯಂಗಾರ್ ಬೇಕರಿಗಳ ಸಂತಾನ ಅಲ್ಲಿಂದ. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರದು.

ಮಲ್ಲೇಶ್ವರದ ಮೊಮ್ಮಗಳು

ಅಯ್ಯಂಗಾರ್ ಬೇಕರಿ ಅಂದರೆ ನಮಗೆ ಕೇಕಿಗಿಂತ ದಿಲ್‌ಪಸಂದ್, ಖಾರ ಬನ್ನು. ಮನೆಯಲ್ಲಿ ಮೊಟ್ಟೆ ತರುವ ಹಾಗಿರಲಿಲ್ಲ. ಮೊಟ್ಟೆ ಇಲ್ಲ ಅಂತ ಆ ಬೋರ್ಡ್ ನೋಡಿದ ಮೇಲೆಯೇ ಅಜ್ಜಿ ಒಳಗೆ ಕಾಲಿಡುತ್ತಿದ್ದದ್ದು.

ಆದರೆ ಎದುರು ಮನೆ ಆಂಟಿ ಡಿಸೆಂಬರ್ 24ಕ್ಕೆ ಕಳಿಸುತ್ತಿದ್ದ ತಟ್ಟೆ ನೆನಪಿದೆ. ಕ್ರೋಶಾ ಬಟ್ಟೆ ಮುಚ್ಚಿರುತ್ತಿತ್ತು. ನಮ್ಮ ಮನೆಗೆ ಬರುವ ತಟ್ಟೆಯಲ್ಲಿ ಕೇಕು ಇರುತ್ತಿರಲಿಲ್ಲ. ನೆವ್ರಿ, ಚಕ್ಕುಲಿ, ಸಕ್ಕರೆ ಮೆತ್ತಿದ ಕಿಡಿಯೊ, ಒಂದು ಚಿಪ್ಪು ಬಾಳೆಹಣ್ಣು. ಯಾರೂ ಏನೂ ಹೇಳಿರಲಿಲ್ಲ, ಕೇಳಿರಲಿಲ್ಲ. ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ಅಮ್ಮ ಅದರಲ್ಲಿ ಸಕ್ಕರೆ ಹಾಕಿ ಕೊಡುತ್ತಿದ್ದರು. ದೀಪಾವಳಿಗೆ ಅದೇ ದಾರಿಯಲ್ಲಿ ನಮ್ಮ ಕೋಡುಬಳೆ ಹೋಗುತ್ತಿತ್ತು.

ನಾನು ಕೇಕು ತಿಂದದ್ದು ಆಂಟಿಯ ಅಡುಗೆಮನೆಯಲ್ಲಿ, ನಿಂತುಕೊಂಡೇ. ಅಜ್ಜಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಊರಿಗಾಂ ಲೈನ್

ಕೆಜಿಎಫ್‌ನಿಂದ ನಮಸ್ಕಾರ. ನಮ್ಮಲ್ಲಿ ಕೆಂಡದ ಕಥೆ ಕಡಿಮೆ. ಶಿವನಸಮುದ್ರದಿಂದ ಗಣಿಗೆ 1902ರಲ್ಲೇ ಕರೆಂಟು ಬಂದ ಊರು ಇದು. ಹಾಗಂತ ಕಾರ್ಮಿಕರ ಮನೆಯಲ್ಲಿ ಒವನ್ ಇತ್ತು ಅಂತಲ್ಲ! ಒವನ್ ಇದ್ದದ್ದು ಬಂಗಲೆಗಳಲ್ಲಿ. ನಮ್ಮದೂ ಬೇಕರಿಗೆ ಹೋಗುವ ಟ್ರೇಯೇ.

ಕಿಡಿಯೊ ನಮ್ಮಲ್ಲಿ ಕಲ್‌ಕಲ್. ಕ್ರಿಸ್‌ಮಸ್‌ಗೆ ಮುಂಚೆ ಒಂದು ಸಂಜೆ ಇಡೀ ಸಾಲಿನ ಮಕ್ಕಳು ಒಬ್ಬರ ಮನೆಯಲ್ಲಿ. ಫೋರ್ಕ್ ಇದ್ದವರಿಗೆ ಫೋರ್ಕ್, ಇಲ್ಲದವರಿಗೆ ಹೊಸ ಬಾಚಣಿಗೆ. ಪುಟ್ಟ ಉಂಡೆಯನ್ನು ಅದರ ಬೆನ್ನಿಗೆ ಒತ್ತಿ ಸುರುಳಿ ಸುತ್ತಬೇಕು. ಗೆರೆ ಸರಿಯಾಗಿ ಬೀಳದಿದ್ದರೆ ಪಕ್ಕದ ಮನೆಯ ಅಜ್ಜಿ ಬಿಚ್ಚಿಸಿ ಮತ್ತೆ ಮಾಡಿಸುತ್ತಿದ್ದರು.

2001ರಲ್ಲಿ ಗಣಿ ಮುಚ್ಚಿತು. ಹುಡುಗರು ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಕಲ್‌ಕಲ್ ಸಂಜೆ ಈಗ ಭಾನುವಾರಕ್ಕೆ ಬಂದಿದೆ. ಅಷ್ಟೇ ವ್ಯತ್ಯಾಸ, ನಿಂತಿಲ್ಲ.

ಹೊಗೆ ಕಂಡವಳು

ಎಲ್ಲರ ನೆನಪೂ ಚೆನ್ನಾಗಿದೆ. ಆದರೆ ಒಂದು ಮಾತು. ಇಲ್ಲಿ ಬರೆದವರಲ್ಲಿ ಹೆಚ್ಚಿನವರು ಕಾದು ಕೂತು ತಿಂದವರು. ಕೆಂಡ ಹೊತ್ತವರು ಯಾರೂ ಬರೆದಿಲ್ಲ.

ನಮ್ಮ ಅತ್ತೆಗೆ ಡಿಸೆಂಬರ್ ಅಂದರೆ ಭಯ. ಬೆಣ್ಣೆ ಸಕ್ಕರೆಯನ್ನು ಮರದ ಸೌಟಿನಲ್ಲಿ ಬಿಳಿ ಬರುವ ತನಕ ಒಂದೇ ಸಮ ತಿರುವಬೇಕು. ರಟ್ಟೆ ಬಿದ್ದು ಹೋಗುತ್ತಿತ್ತು. ಕ್ಯಾರಮೆಲ್ ಮಾಡುವಾಗ ಕಪ್ಪಾದ ಸಕ್ಕರೆಗೆ ನೀರು ಹೊಯ್ದರೆ ಸಿಡಿಯುತ್ತದೆ. ಮೊಣಕೈವರೆಗೂ ಅವರಿಗೆ ಕಲೆಗಳಿದ್ದವು. ಆಮೇಲೆ ಮೂರು ನಾಲ್ಕು ಕೇಕು, ಒಂದಾದ ಮೇಲೊಂದು, ಪ್ರತಿ ಸಲ ಹೊಸ ಕೆಂಡ. ಕಣ್ಣು ಕೆಂಪು, ಬೆನ್ನು ನೋವು, ಅದರ ಮೇಲೆ ಮಧ್ಯರಾತ್ರಿಯ ಪೂಜೆಗೆ ಸೀರೆ ಉಟ್ಟು ಹೊರಡಬೇಕು. ಗಂಡಸರು ಹಣ್ಣಿಗೆ ರಮ್ಮು ಸುರಿಯುವುದಕ್ಕೆ ಮಾತ್ರ ಬರುತ್ತಿದ್ದರು. ಅದೂ ಬಾಟಲಿ ಅರ್ಧ ಅವರ ಹತ್ತಿರವೇ ಉಳಿಯುತ್ತಿತ್ತು.

ದುಂಡು ಒವನ್ ಬಂದ ದಿನ ಅತ್ತೆ ಅದಕ್ಕೆ ಹೂವಿನ ಹಾರ ಹಾಕಿದ್ದರು. ತಮಾಷೆಗೆ ಹಾಕಿದ್ದಲ್ಲ.

ಪುತ್ತೂರು ಪಡಸಾಲೆ

ಒಪ್ಪುವ ಮಾತು. ನಮ್ಮ ಅಮ್ಮ ಈಗ ಅಡ್ಯೆಯನ್ನು ಇಡ್ಲಿ ಪಾತ್ರೆಯಲ್ಲಿ ಹಬೆಗೇ ಇಡುತ್ತಾರೆ. ಕೇಳಿದರೆ "ಕೆಂಡ ಬೇಕಾದರೆ ನೀನೇ ಮಾಡಿಕೋ" ಅನ್ನುತ್ತಾರೆ.

ಬೆಂದೂರ್‌ಮನೆ

ಹೊಗೆ ಕಂಡವಳು ಅವರೇ, ಇದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ನಕ್ಕು, "ಅಮ್ಮನ ಹಾಗೆ ಮಾಡಬೇಕು ಅಂದವನು ನೀನು, ಹಾಗಾದರೆ ಅಮ್ಮನ ಜಾಗದಲ್ಲಿ ಕೂರುವವನೂ ನೀನೇ" ಅಂದಳು. ಒಲೆ, ಕೆಂಡ, ಬೆಣ್ಣೆ ತಿರುವುವುದು, ಪಾತ್ರೆ ತೊಳೆಯುವುದು ಎಲ್ಲ ನಾನು ಮತ್ತು ತಮ್ಮಂದಿರು. ಒಂದೇ ಕೇಕು. ಉಳಿದದ್ದು ಒಟಿಜಿಯಲ್ಲಿ. ಬೀಟರ್ ಉಪಯೋಗಿಸಬಹುದಾ ಅಂತ ತಮ್ಮ ಕೇಳಿದ್ದಕ್ಕೆ ಅಕ್ಕ ಬೇಡ ಅಂದಿದ್ದಾಳೆ.

ಕ್ಯಾರಮೆಲ್ ಬಗ್ಗೆ ಯಾರಾದರೂ ಹೇಳಿ. ಅಮ್ಮನ ಕೇಕಿನ ಬಣ್ಣ ಎಲ್ಲ ಅದರಿಂದಲೇ.

ಮೆಲ್ಬರ್ನ್ ಬಿಸಿಲು

ಕ್ಯಾರಮೆಲ್ ನನ್ನ ವಿಷಯ! ಇಲ್ಲಿ ಡಿಸೆಂಬರ್ ಅಂದರೆ ಸುಡು ಬೇಸಿಗೆ. ಹೊರಗೆ 38 ಡಿಗ್ರಿ ಇರುವಾಗ ಒವನ್ ಹಚ್ಚುವುದಕ್ಕೆ ಮನೆಯಲ್ಲಿ ಎಲ್ಲರ ವಿರೋಧ. ಹಾಗಾಗಿ ನಾನು ಕೇಕನ್ನು ನವೆಂಬರ್‌ನಲ್ಲೇ ಮುಗಿಸಿ, ಮೇಲೆ ರಮ್ಮು ಸವರಿ, ಬೆಣ್ಣೆ ಕಾಗದದಲ್ಲಿ ಸುತ್ತಿ ಇಡುತ್ತೇನೆ. ಹಣ್ಣಿನ ಕೇಕು ಇಟ್ಟಷ್ಟೂ ರುಚಿ.

ದಪ್ಪ ತಳದ ಪಾತ್ರೆಗೆ ಸಕ್ಕರೆ, ಒಂದೆರಡು ಚಮಚ ನೀರು. ಸೌಟು ಹಾಕಬೇಡಿ, ಸಕ್ಕರೆ ಮತ್ತೆ ಹರಳುಗಟ್ಟುತ್ತದೆ. ಪಾತ್ರೆಯನ್ನೇ ತಿರುಗಿಸಿ. ಮೊದಲು ಜೇನಿನ ಬಣ್ಣ. ಪಾಯಸಕ್ಕೆ ಅಲ್ಲಿ ನಿಲ್ಲಿಸಬಹುದು, ಕೇಕಿಗೆ ಸಾಲದು. ಆಮೇಲೆ ತಾಮ್ರದ ಬಣ್ಣ, ಆಮೇಲೆ ಕಡು ಕೆಂಪು ಕಂದು. ಅಂಚಿನಲ್ಲಿ ಸಣ್ಣ ಹೊಗೆ ಎದ್ದು, ಮೇಲೆ ನೊರೆ ಉಕ್ಕಿ ಬರುತ್ತದೆ. ಅಲ್ಲಿ ಇಳಿಸಬೇಕು. ಇಳಿಸಿದ ಮೇಲೂ ಪಾತ್ರೆಯ ಬಿಸಿಗೆ ಅದು ಕಪ್ಪಾಗುತ್ತಲೇ ಇರುತ್ತದೆ. ಇನ್ನೂ ಕಾದರೆ ಕಹಿ, ಆ ಕಹಿ ಎಷ್ಟು ಸಕ್ಕರೆ ಹಾಕಿದರೂ ಹೋಗದು.

ನೀರು ಹೊಯ್ಯುವಾಗ ಕುದಿಯುವ ನೀರೇ ಇರಲಿ. ತಣ್ಣೀರು ಹಾಕಿದರೆ ಇನ್ನೂ ಜೋರಾಗಿ ಸಿಡಿಯುತ್ತದೆ, ಮೇಲಾಗಿ ಸಕ್ಕರೆ ಕಲ್ಲಾಗುತ್ತದೆ. ಉದ್ದ ಹಿಡಿಯ ಪಾತ್ರೆ, ತುಂಬು ತೋಳಿನ ಅಂಗಿ, ಮಕ್ಕಳು ದೂರ. ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪ ಹಾಕಿ. ಪೂರ್ತಿ ತಣಿದ ಮೇಲಷ್ಟೇ ಹಿಟ್ಟಿಗೆ ಬೆರೆಸಿ, ಇಲ್ಲದಿದ್ದರೆ ಬೆಣ್ಣೆ ಕರಗಿ ನೀವು ತಿರುವಿದ್ದೆಲ್ಲ ವ್ಯರ್ಥ.

ಇನ್ನೊಂದು, ಫ್ಯಾನ್ ಇರುವ ಒವನ್ ಇದ್ದವರು ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡಿ.

ಶಿರಸಿ ಕಡೆಯವಳು

ಒವನ್‌ನಲ್ಲಿ ತವಸಳಿ ಮಾಡಿದರೆ ಆ ರುಚಿ ಬರುವುದಿಲ್ಲ ಅಂತ ನನ್ನ ತಂಗಿಯ ವಾದ. ಹೊಗೆಯ ವಾಸನೆ ಇರದು, ಅದು ಸರಿ. ಆದರೆ ಟಿನ್ನಿಗೆ ಬಾಳೆ ಎಲೆ ಹಾಸಿ, ಮೇಲೂ ಮುಚ್ಚಿ, ಕೊನೆಯಲ್ಲಿ ಎಲೆ ಸರಿಸಿ ಮೇಲಿನ ಕಾಯಿಲ್ ಮಾತ್ರ ಹಚ್ಚಿದರೆ ಮುಕ್ಕಾಲು ಪಾಲು ಬರುತ್ತದೆ. ಎಲೆಯನ್ನು ಮೊದಲು ಬೆಂಕಿಯ ಮೇಲೆ ಹಿಡಿದು ಬಾಡಿಸಿ, ಇಲ್ಲದಿದ್ದರೆ ಮಡಚುವಾಗ ಸೀಳುತ್ತದೆ. ಮುಕ್ಕಾಲು ಸಾಕು ನನಗೆ.

ಹೊಗೆ ಕಂಡವಳು

ಬೆಂದೂರ್‌ಮನೆ ಅವರೇ, ಗಂಡಸರೇ ಕೂರುತ್ತೀರಿ ಅಂದ ಮೇಲೆ ನಮ್ಮ ಅತ್ತೆಯ ಪಟ್ಟುಗಳನ್ನೂ ಕೇಳಿಕೊಳ್ಳಿ. ರಮ್ಮಿನಿಂದ ತೆಗೆದ ಹಣ್ಣನ್ನು ಚೆನ್ನಾಗಿ ಸೋಸಿ, ಒಂದು ಹಿಡಿ ಮೈದಾದಲ್ಲಿ ಹೊರಳಿಸಿ ಹಾಕಿ. ಹಾಗೇ ಹಾಕಿದರೆ ಎಲ್ಲ ತಳಕ್ಕಿಳಿಯುತ್ತದೆ. ಟಿನ್ನಿಗೆ ಒಳಗಡೆ ಎರಡು ಪದರ ಕಾಗದ, ಹಣ್ಣಿನ ಕೇಕಿನ ಅಂಚು ಬೇಗ ಸೀಯುತ್ತದೆ. ಮುಚ್ಚಳ ಪಾತ್ರೆಗಿಂತ ಅಗಲ ಇರಲಿ, ಅಂಚು ಮೇಲಕ್ಕೆ ಎದ್ದಿರಲಿ. ಇಲ್ಲದಿದ್ದರೆ ತೆಗೆಯುವಾಗ ಬೂದಿ ಕೇಕಿನ ಮೇಲೆ. ಮೊದಲ ಮುಕ್ಕಾಲು ಗಂಟೆ ಮುಟ್ಟಲೇಬೇಡಿ. ನಡು ಗಟ್ಟಿಯಾಗುವ ಮೊದಲು ಮುಚ್ಚಳ ಎತ್ತಿದರೆ ಕೇಕು ಕುಸಿಯುತ್ತದೆ. ಆಮೇಲೆ ಕಡ್ಡಿ ಚುಚ್ಚಿ ನೋಡಿ. ಒದ್ದೆ ಹಿಟ್ಟು ಅಂಟಿದರೆ ಮತ್ತೆ ಮುಚ್ಚಿ, ಹೊಸ ಕೆಂಡ ಹಾಕಿ.

ತೆಗೆದ ತಕ್ಷಣ ಕತ್ತರಿಸಬೇಡಿ. ಮರುದಿನದ ತನಕ ಬಿಡಿ. ಗಂಡಸರಿಂದ ಇದೊಂದು ಆಗುವುದಿಲ್ಲ ಅಂತ ಅತ್ತೆ ಹೇಳುತ್ತಿದ್ದರು.

ಸುಮ್ನೆ ಓದುವವ

ಇಷ್ಟೆಲ್ಲ ಓದಿದ ಮೇಲೆ ನನಗೂ ಆಸೆ ಹುಟ್ಟಿದೆ. ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟ್, ಏಳನೇ ಮಹಡಿ. ಕೆಂಡ ಹಚ್ಚಿದರೆ ಸೆಕ್ಯುರಿಟಿಯವರು ಓಡಿ ಬರುತ್ತಾರೆ. ಬೇರೆ ದಾರಿ?

ಹಿಟ್ಟಿನ ಡಬ್ಬಿ

160 ಡಿಗ್ರಿಗೆ ಗುಂಡಿ ತಿರುಗಿಸಿ, ಕಾಫಿ ಕುಡಿಯಿರಿ. 😄 ಹಣ್ಣಿನ ಕೇಕಾದರೆ 150.

ಬೆಂದೂರ್‌ಮನೆ

ಅಟ್ಟದಿಂದ ಪಾತ್ರೆ ಇಳಿಸಿದ್ದೇವೆ. ತಳ ಗಟ್ಟಿ ಇದೆ, ಮುಚ್ಚಳ ತುಕ್ಕು ಹಿಡಿದು ಹೋಗಿದೆ. ಹೊಸ ತಗಡಿನದು ಮಾಡಿಸಲು ಕೊಟ್ಟಿದ್ದೇನೆ, ಅಂಚು ಎದ್ದಿರುವಂಥದ್ದೇ. ಗೆರಟೆ ಒಂದು ಗೋಣಿ ಸೇರಿದೆ. ಮರಳಿಗೆ ತಮ್ಮ ಪಣಂಬೂರು ಬೀಚಿನಿಂದ ತರುತ್ತೇನೆ ಅನ್ನುತ್ತಿದ್ದಾನೆ. ಆಗುತ್ತಾ?

ಪುತ್ತೂರು ಪಡಸಾಲೆ

ಬೇಡ. ಸಮುದ್ರದ ಮರಳಿನಲ್ಲಿ ಉಪ್ಪು, ಪಾತ್ರೆ ತೂತು ಬೀಳುತ್ತದೆ. ಹತ್ತಿರದಲ್ಲಿ ಯಾರಾದರೂ ಮನೆ ಕಟ್ಟುತ್ತಿದ್ದರೆ ಒಂದು ಬಕೆಟ್ ಹೊಳೆ ಮರಳು ಕೇಳಿ ತನ್ನಿ. ಜರಡಿ ಹಿಡಿದು, ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ. ಒದ್ದೆ ಇದ್ದರೆ ಒಳಗೆಲ್ಲ ಆವಿ ತುಂಬುತ್ತದೆ.